ಅಗಲ ಓಟೆ, ಇರುಕು ಓಟೆ

ಕೆಂಪಗೆ ಕಾದ ಕಬ್ಬಿಣದ ಸರಳು ಹಸಿ ಓಟೆಬಿದಿರಿನೊಳಗೆ ಇಳಿಯುವಾಗ ಒಂದು ವಾಸನೆ ಬರುತ್ತದೆ. ಅರ್ಧ ಕರಕಲಾದ ಸಕ್ಕರೆಯದು, ಅರ್ಧ ಆಗಷ್ಟೇ ಕೊಯ್ದ ಹುಲ್ಲಿನದು. ನನ್ನ ಬಾಲ್ಯದ ಬೇಸಗೆಗಳೆಲ್ಲ ಆ ವಾಸನೆಯವು. ನಮ್ಮ ಮೇದಪ್ಪ ಚಿಕ್ಕಪ್ಪ ಹಿತ್ತಲಲ್ಲಿ ಕೂತು ಒಲೆ ಊದುವ ಕೊಳವೆ ಮಾಡುತ್ತಿದ್ದರು. ಓಟೆಯ ಗಂಟುಗಳನ್ನು ಕಾದ ಸರಳಿನಿಂದ ಚುಚ್ಚಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಗಾಳಿ ಹೋಗುವ ಹಾಗೆ ಮಾಡಬೇಕು. ಚಿಕ್ಕಪ್ಪ ಮೊದಲ ಗಂಟನ್ನು ಬಹಳ ಶ್ರದ್ಧೆಯಿಂದ ಚುಚ್ಚುವರು. ಎರಡನೆಯದಕ್ಕೆ ಬರುವಷ್ಟರಲ್ಲಿ ಯಾವುದೋ ಹಕ್ಕಿ ಕೂಗುವುದು, ಅವರು ತಲೆಯೆತ್ತುವರು, ಗಂಟು ಹಾಗೆಯೇ ಉಳಿಯುವುದು. ಹೀಗಾಗಿ ಐವರ್ನಾಡಿನ ನಮ್ಮ ಮನೆಯ ದನದ ಹಟ್ಟಿಯ ಮಾಡಿನ ಕೆಳಗೆ ಒಂದು ತುದಿ ಮುಚ್ಚಿದ, ಯಾತಕ್ಕೂ ಬಾರದ ಮೂವತ್ತು ನಲ್ವತ್ತು ಓಟೆಗಳು ಯಾವಾಗಲೂ ನೇತಾಡುತ್ತಿದ್ದವು. ಲೋಕದಲ್ಲಿ ಎಷ್ಟೋ ಸಂಶೋಧನೆಗಳು ಮರೆವಿನಿಂದಲೇ ಹುಟ್ಟಿರಬೇಕು. ನಮ್ಮ ಊರಿನದಂತೂ ಹಾಗೆಯೇ ಹುಟ್ಟಿತು.

ಒಂದು ದಿನ ದಮಯಂತಿ ಚಿಕ್ಕಮ್ಮ ಅವಸರದಲ್ಲಿ ಆ ಓಟೆಗಳಲ್ಲೊಂದನ್ನು ಎಳೆದು ಒಲೆ ಊದಿದರು. ಗಾಳಿ ಹೋಗಲಿಲ್ಲ. ಇನ್ನೂ ಜೋರಾಗಿ ಊದಿದರು. ಕಣ್ಣಲ್ಲಿ ನೀರು ಬಂತು, ಒಲೆಗೆ ಏನೂ ಆಗಲಿಲ್ಲ. ಸಿಟ್ಟಿನಿಂದ ಓಟೆಯನ್ನು ನೆಲಕ್ಕೆ ಕುಟ್ಟಿದಾಗ ಒಳಗಿನಿಂದ ಹಸಿರೆಲೆಯ ಸಣ್ಣ ಸಣ್ಣ ಸುರುಳಿಗಳು ಒಂದರ ಹಿಂದೆ ಒಂದು ಉದುರಿದವು.

"ಇಷ್ಟು ಚೆಂದದ ಬೀಡಿ ಯಾರು ಕಟ್ಟಿದ್ದು?" ಎಂದರು ಚಿಕ್ಕಪ್ಪ.

ಬೀಡಿ ಕಟ್ಟಿದ್ದು ಒಂದು ಜೇನುಹುಳ. ಗೂಡು ಕಟ್ಟಿ ಗುಂಪಿನಲ್ಲಿ ಬಾಳುವ ಜೇನಲ್ಲ, ಒಂಟಿ ಜೇನು. ನಮ್ಮ ಗೇರುಗುಡ್ಡೆಯಲ್ಲಿ ಹೂ ಬಿಟ್ಟಾಗ ಬರುತ್ತದೆ. ಎಲೆಯ ಅಂಚನ್ನು ದರ್ಜಿಯ ಹಾಗೆ ಗುಂಡಗೆ ಕತ್ತರಿಸಿ ತರುತ್ತದೆ. ಓಟೆಯೊಳಗೆ ಎಲೆಯ ಕೋಣೆ ಮಾಡಿ, ಹೂವಿನ ಹುಡಿಯ ಉಂಡೆಯಿಟ್ಟು, ಒಂದು ಮೊಟ್ಟೆಯಿಟ್ಟು, ಬಾಗಿಲು ಮುಚ್ಚುತ್ತದೆ. ಅದರ ಮುಂದೆ ಇನ್ನೊಂದು ಕೋಣೆ, ಮತ್ತೊಂದು. ಓಟೆ ತುಂಬಿದ ಮೇಲೆ ಹೊರಬಾಗಿಲನ್ನು ಗಟ್ಟಿಯಾಗಿ ಮುಚ್ಚಿ ಹೋಗುತ್ತದೆ. ಅದರಿಂದ ಒಂದು ತೊಟ್ಟು ಜೇನೂ ಸಿಗುವುದಿಲ್ಲ. ಆದ್ದರಿಂದ ಊರಲ್ಲಿ ಯಾರೂ ಅದಕ್ಕೆ ಒಂದು ಹೆಸರಿಡುವ ತೊಂದರೆ ತೆಗೆದುಕೊಂಡಿರಲಿಲ್ಲ.

ಚಿಕ್ಕಪ್ಪ ತೆಗೆದುಕೊಂಡರು. ಎರಡು ವರ್ಷ ಅವರು ತೆಳ್ಳಗಿನ ಓಟೆ, ದಪ್ಪದ ಓಟೆ ಬೇರೆ ಬೇರೆ ಕಟ್ಟಿ ನೇತುಹಾಕಿದರು. ಹುಳ ಹೊರಬರುವ ಕಾಲಕ್ಕೆ ಗಂಟಿನ ಕಡೆಯಿಂದ ಸೀಳಿ ನೋಡಿದರು. ಹೊಟ್ಟೆಯಡಿಯಲ್ಲಿ ಹಳದಿ ರೋಮದ ಕುಂಚ ಇದ್ದದ್ದು ಹೆಣ್ಣು, ಹೂವಿನ ಹುಡಿ ತರುವ ಕೆಲಸ ಅದರದ್ದು. ಸಣ್ಣ ಗಾತ್ರದ್ದು, ಮುಖದ ತುಂಬ ಬಿಳಿ ಕೂದಲಿನದ್ದು ಗಂಡು, ಅದಕ್ಕೆ ಅಂಥ ಕೆಲಸವೇನೂ ಇಲ್ಲ. ತೆಳ್ಳಗಿನ ಓಟೆಯಲ್ಲಿ ಬರೀ ಗಂಡು, ದಪ್ಪ ಓಟೆಯಲ್ಲಿ ಹೆಣ್ಣು. ಇದನ್ನೆಲ್ಲ ಗೆರೆ ಹಾಕಿದ ಒಂದು ಪುಸ್ತಕದಲ್ಲಿ ಬರೆದು, ದೂರದ ಒಂದು ಸರಕಾರಿ ಕಚೇರಿಗೆ ನಾಲ್ಕು ಪುಟದ ಪತ್ರ ಹಾಕಿದರು. ಮೂರು ತಿಂಗಳ ನಂತರ ಉತ್ತರ ಬಂತು: "ತಮ್ಮ ಪತ್ರ ತಲುಪಿದೆ. ವಿಷಯ ಪರಿಶೀಲನೆಯಲ್ಲಿದೆ." ಕೆಳಗೆ ನೇರಳೆ ಬಣ್ಣದ ಉರುಟು ಮೊಹರು.

ಆ ಮೊಹರು ಮೊದಲು ಚಿಕ್ಕಪ್ಪನ ಕಿಸೆಗೆ ಹೋಯಿತು, ಆಮೇಲೆ ತಲೆಗೆ.

ಅದು ಸಾವಿರದ ಒಂಬೈನೂರ ಅರವತ್ತೆರಡರ ಬೇಸಗೆ. ನಾನು ಮಂಗಳೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಮುಗಿಸಿ ರಜೆಗೆ ಬಂದಿದ್ದೆ. ಉಪ್ಪು ತರಲು ಚಿಕ್ಕಪ್ಪನ ಜೊತೆ ಅಲಿ ಕುಂಞಿಯವರ ಅಂಗಡಿಗೆ ಹೋದೆ. ಉಪ್ಪು ಕೇಳುವ ಮೊದಲೇ ಚಿಕ್ಕಪ್ಪ ಕಾಗದ ತೆಗೆದರು. ಜಗಲಿಯಲ್ಲಿ ಕೂತಿದ್ದ ನೆರೆಮನೆಯ ಕುಶಾಲಪ್ಪ ಬಗ್ಗಿ ನೋಡಿದ.

"ಎಂತ ಬರ್ದಿದ್ದಾರೆ ಸರಕಾರದವರು?"

"ವಿಷಯ ಪರಿಶೀಲನೆಯಲ್ಲಿ ಉಂಟಂತೆ."

"ಯಾವ ವಿಷಯ?"

"ಒಂದೇ ತಾಯಿಹುಳ. ಅಗಲದ ಓಟೆ ಸಿಕ್ಕಿದರೆ ಹೆಣ್ಣು ಇಡ್ತದೆ, ಇರುಕು ಓಟೆ ಸಿಕ್ಕಿದರೆ ಗಂಡು ಇಡ್ತದೆ. ಇದನ್ನು ಕಂಡುಹಿಡಿದದ್ದು ನಾನು."

"ಹುಳದ ಸಂಗತಿ ಅಲ್ವಾ ಮಾರಾಯ್ರೆ," ಎಂದ ಕುಶಾಲಪ್ಪ. "ಹುಳ ಎಲ್ಲಿ ಎಂತ ಇಟ್ಟರೆ ನಮಗೆಂತ?"

ಇಲ್ಲಿ ಚಿಕ್ಕಪ್ಪ ಸುಮ್ಮನಿದ್ದು ಉಪ್ಪು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕಿಸೆಯಲ್ಲಿ ಮೊಹರು ಇದ್ದವರು ಉಪ್ಪು ಕೇಳುವುದು ಹೇಗೆ? ಅವರು ಗಂಟಲು ಸರಿಪಡಿಸಿಕೊಂಡರು.

"ಸೃಷ್ಟಿಯ ನಿಯಮ ಕುಶಾಲಪ್ಪ, ಹುಳಕ್ಕೆ ಒಂದು, ಮನುಷ್ಯರಿಗೆ ಒಂದು ಅಂತ ಇರುದಿಲ್ಲ."

ಕುಶಾಲಪ್ಪನಿಗೆ ಐದು ಹೆಣ್ಣುಮಕ್ಕಳು. ಅವನು ಬಾಯಲ್ಲಿದ್ದ ವೀಳ್ಯದೆಲೆಯನ್ನು ಜಗಿಯುವುದು ನಿಲ್ಲಿಸಿದ.

"ನನ್ನ ಮಲಗುವ ಕೋಣೆ ಹದಿನಾರು ಅಡಿ ಉಂಟು," ಎಂದ. ಆಮೇಲೆ ಏನೂ ಯೋಚಿಸದೆ ಕೇಳಿದ: "ಹಾಗಾದರೆ ನಿಮ್ಮ ಮನೆಯದ್ದು ಎಷ್ಟು ಅಡಿ ಮೇದಪ್ಪಣ್ಣ?"

ಚಿಕ್ಕಪ್ಪನಿಗೆ ಮಕ್ಕಳಿರಲಿಲ್ಲ. ಅಲಿ ಕುಂಞಿಯವರು ತಕ್ಕಡಿಯ ಹಿಂದಿನಿಂದ ಒಂದು ಅಚ್ಚು ಬೆಲ್ಲ ತೆಗೆದು ಕಾಗದದಲ್ಲಿ ಕಟ್ಟತೊಡಗಿದರು. "ದಮಯಂತಿಯಕ್ಕನಿಗೆ ಬೆಲ್ಲ ಬೇಕಂತ ಮಗಳು ಆಸಿಯಾ ಹೇಳಿದ್ದಳು, ಮರೆತೇಬಿಟ್ಟೆ. ಕೊಂಡುಹೋಗಿ, ಕೊಂಡುಹೋಗಿ" ಎಂದು ನಮ್ಮನ್ನು ಅಂಗಡಿಯಿಂದ ಇಳಿಸಿಯೇ ಬಿಟ್ಟರು. ಮನೆಗೆ ಬಂದು ಕೇಳಿದರೆ ಚಿಕ್ಕಮ್ಮ ಬೆಲ್ಲವನ್ನು ಕೇಳಿಯೇ ಇರಲಿಲ್ಲ. ಉಪ್ಪು ಮಾತ್ರ ಅಂಗಡಿಯಲ್ಲೇ ಉಳಿದಿತ್ತು.

ಎರಡು ದಿನ ಕಳೆದು ಕುಶಾಲಪ್ಪ ಮಲಗುವ ಕೋಣೆಗೆ ಅಡ್ಡ ಬಿದಿರ ತಟ್ಟಿ ಕಟ್ಟಿಸಿದ. ಹದಿನಾರು ಅಡಿ ಏಳು ಅಡಿಯಾಯಿತು. ಅವನ ಹೆಂಡತಿ ಒಳಗಿನಿಂದ ಹೇಳಿದ್ದು ರಸ್ತೆಗೂ ಕೇಳಿಸಿತು.

"ಗೋಡೆ ಎಲ್ಲಿ ಬೇಕಾದರೂ ಕಟ್ಟಿ. ನಾನು ಮತ್ತು ಮಕ್ಕಳು ಆಚೆ ಬದಿ. ನೀವು ಒಬ್ಬರೇ ಈಚೆ ಬದಿ ಮಲಗಿ, ಎಷ್ಟು ಗಂಡುಮಕ್ಕಳು ಹುಟ್ತಾರೆ ನೋಡುವ."

ತಟ್ಟಿ ಅಲ್ಲಿಯೇ ಉಳಿಯಿತು. ಐದು ಮಕ್ಕಳೂ ಅದರಲ್ಲಿ ಒಂದೊಂದು ತೂತು ಮಾಡಿ ಅಪ್ಪನ ಗೊರಕೆಯನ್ನು ಪರಿಶೀಲಿಸುತ್ತಿದ್ದರಂತೆ.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಆ ಬೇಸಗೆಯಲ್ಲಿ ಅಲಿ ಕುಂಞಿಯವರ ಮನೆಯಲ್ಲಿ ಅರೆ ಕಟ್ಟುತ್ತಿದ್ದರು. ಅವರ ಮನೆತನದಲ್ಲಿ ಮಗಳ ಮದುವೆ ಎಂದರೆ ತವರಿನಲ್ಲೇ ಅವಳಿಗೊಂದು ಹೊಸ ಕೋಣೆ. ಅದಕ್ಕೆ ಅರೆ ಎಂದು ಹೆಸರು. ಮದುಮಗ ಅಲ್ಲಿಗೇ ಬರಬೇಕು, ಮನೆ ತಾಯಿಯಿಂದ ಮಗಳಿಗೆ ಹೋಗಬೇಕು. ಅಲಿ ಕುಂಞಿ ಮತ್ತು ಕದೀಜಮ್ಮನವರ ಒಬ್ಬಳೇ ಮಗಳು ಆಸಿಯಾ. ಅವಳಿಗೆ ರಾಮಕುಂಜದ ಸಾಹುಲ್ ಹಮೀದ್ ಎಂಬ ಹುಡುಗನೊಡನೆ ನಿಶ್ಚಯವಾಗಿತ್ತು. ಮೇ ತಿಂಗಳಲ್ಲಿ ನಿಕಾಹ್, ಮಳೆ ಹಿಡಿಯುವ ಮೊದಲು ಅರೆಗೆ ಹಂಚು. ಕೆಂಪುಕಲ್ಲಿನ ಪಾಯ ಎದ್ದಿತ್ತು: ಉದ್ದ ಹನ್ನೆರಡು ಅಡಿ, ಅಗಲ ಎಂಟು ಅಡಿ.

ಕದೀಜಮ್ಮ ಚಿಕ್ಕಪ್ಪನನ್ನು ಕರೆಸಿದರು. ಜಗಲಿಯಲ್ಲಿ ಚಾಪೆ ಹಾಕಿ, ಎಳನೀರು ಕೊಟ್ಟು, ಬಾಗಿಲ ಮರೆಯಲ್ಲಿ ನಿಂತು ಮೆಲ್ಲಗೆ ಕೇಳಿದರು.

"ಮೇದಪ್ಪಣ್ಣ, ಎಂಟು ಅಡಿ ಅಂದರೆ ಅದು ಅಗಲವಾ, ಇರುಕಾ?"

ಹದಿನೈದು ದಿನ ಮೊದಲಾಗಿದ್ದರೆ ಚಿಕ್ಕಪ್ಪ, "ನನಗೆಂತ ಗೊತ್ತು ಕದೀಜಮ್ಮ" ಎನ್ನುತ್ತಿದ್ದರು. ಈಗ ಅವರು ಎದ್ದು ಪಾಯದ ಸುತ್ತ ಒಂದು ಸುತ್ತು ಬಂದರು.

"ಇರುಕೇ," ಎಂದರು.

"ನನ್ನ ಉಮ್ಮನಿಗೆ ನಾನು, ನನಗೆ ಆಸಿಯಾ. ಅವಳಿಗೊಂದು ಹೆಣ್ಣು ಆಗದಿದ್ದರೆ ಮುಂದೆ ಈ ಬಾಗಿಲು ತೆಗೆಯುದು ಯಾರು? ಹೆಣ್ಣಿಗೆ ಎಷ್ಟು ಅಡಿ ಬೇಕು?"

"ಹನ್ನೆರಡು ಇದ್ದರೆ ಭಯ ಇಲ್ಲ."

ಕೆಲಸ ಮಾಡುತ್ತಿದ್ದ ಆಚಾರಿ ಕುಕ್ಕಪ್ಪ ಅಳತೆಕೋಲನ್ನು ಕೆಳಗಿಟ್ಟ. "ಹನ್ನೆರಡಕ್ಕೆ ಹನ್ನೆರಡಾ? ಆಯ ತಪ್ತದೆ ಅಮ್ಮ. ಪ್ರತಿ ಕೋಣೆಗೂ ಶುಭದ ಅಳತೆ ಅಂತ ಒಂದು ಉಂಟು. ಅದು ತಪ್ಪಿದ ಕೋಣೆಯಲ್ಲಿ ಬೆಕ್ಕು ಸಹ ನಿದ್ದೆ ಮಾಡುದಿಲ್ಲ."

"ಸರಕಾರದವರ ಕಾಗದ ಉಂಟು ಕುಕ್ಕಪ್ಪ," ಎಂದರು ಕದೀಜಮ್ಮ.

ಕುಕ್ಕಪ್ಪನ ಬಳಿ ಕಾಗದ ಇರಲಿಲ್ಲ. ಅವನು ಸೋತ. ಹಳೆಯ ಪಾಯವನ್ನು ಹಾಗೆಯೇ ಬಿಟ್ಟು ನಾಲ್ಕು ಅಡಿ ಆಚೆಗೆ ಹೊಸ ಪಾಯ ಹಾಕಿದರು. ಅಲಿ ಕುಂಞಿಯವರು ಅಂಗಡಿಯಿಂದ ಊಟಕ್ಕೆ ಬಂದವರು ಅಂಗಳದಲ್ಲಿ ನಿಂತು ಎರಡು ಪಾಯಗಳನ್ನೂ ನೋಡಿ, ಹೆಂಡತಿಯನ್ನು ನೋಡಿ, ಊಟ ಮಾಡದೆಯೇ ಅಂಗಡಿಗೆ ಹಿಂದಿರುಗಿದರು.

ಸುದ್ದಿ ಬಸ್ಸು ಹತ್ತಿ ರಾಮಕುಂಜಕ್ಕೆ ಹೋಯಿತು. ಮೂರನೇ ದಿನ ಅದೇ ಬಸ್ಸಿನಲ್ಲಿ ಮದುಮಗನ ತಾಯಿ ಝುಬೈದಾ ಬಂದಿಳಿದರು. ಕೈಯಲ್ಲಿ ಉದ್ದ ಹಿಡಿಯ ಕಪ್ಪು ಕೊಡೆ. ಅವರು ನೇರ ಪಾಯದ ಬಳಿ ಹೋಗಿ, ಕೊಡೆಯನ್ನು ಮಲಗಿಸಿ ಮಲಗಿಸಿ ಅಳೆದರು. ಬೇಲಿಯ ಆಚೆ ನಾವೆಲ್ಲ ಉಸಿರು ಹಿಡಿದು ನಿಂತಿದ್ದೆವು.

"ಎಂಟು ಅಡಿ ಅಂದರೆ ಮೂರು ಕೊಡೆಗೆ ಮುಗಿಯಬೇಕಿತ್ತು," ಎಂದರು. "ಇದು ನಾಲ್ಕು ಆಗಿ ಮತ್ತೂ ಉಳಿದಿದೆ. ಎಂತ ಇದು ಕದೀಜ?"

"ಗಾಳಿ ಆಡ್ಲಿ ಅಂತ."

"ಗಾಳಿ ಅಲ್ಲ. ನನಗೆ ಗೊತ್ತುಂಟು. ನನಗೆ ನಾಲ್ಕು ಹೆಣ್ಣು. ನನ್ನ ಮನೆಯಲ್ಲಿ ನಾಲ್ಕು ಅರೆ ಕಟ್ಟಿ ಈಗ ಭತ್ತ ಒಣಗಿಸ್ಲಿಕ್ಕೆ ಅಂಗಳ ಉಳಿದಿಲ್ಲ. ಇರುವುದು ಒಬ್ಬ ಮಗ, ಅವನನ್ನೂ ನಿನ್ನ ಮನೆಗೆ ಕಳಿಸ್ತೇನೆ. ತೀರಿಹೋದ ಅವನ ಬಾಪನ ಹೆಸರಿಡ್ಲಿಕ್ಕೆ ಒಂದು ಗಂಡು ಬೇಡವಾ? ಆ ಗಂಡಿಗೆ ಬಾಗಿಲು ಹಾಕ್ಲಿಕ್ಕೆ ನೀನು ಕೋಣೆ ಅಗಲ ಮಾಡ್ತಿ."

"ಮನೆ ನನ್ನದು ಝುಬೈದಾ."

"ಮಗ ನನ್ನವ. ಅಳತೆ ತೀರ್ಮಾನ ಆಗದೆ ದಿನ ತೀರ್ಮಾನ ಇಲ್ಲ."

ಕೊಡೆಯನ್ನು ಕೊಡವಿ ಮಣ್ಣು ಬೀಳಿಸಿ, ಮುಂದಿನ ಬಸ್ಸಿಗೆ ಹೊರಟರು. ಕೆಲಸ ನಿಂತಿತು. ಕುಕ್ಕಪ್ಪ ಉಳಿಗಳನ್ನು ಚೀಲಕ್ಕೆ ತುಂಬಿ, "ಎರಡು ಪಾಯದಲ್ಲಿ ಯಾವುದಕ್ಕೆ ಗೋಡೆ ಅಂತ ಗೊತ್ತಾದ ಮೇಲೆ ಹೇಳಿ ಕಳಿಸಿ" ಎಂದು ಹೋದ.

ಮರುದಿನ ಬಾವಿಕಟ್ಟೆಯಲ್ಲಿ ಆಸಿಯಾ ಸಿಕ್ಕಿದಳು. ಹತ್ತೊಂಬತ್ತು ವರ್ಷ, ಮಾತು ಕಡಿಮೆ. ಕೊಡ ತುಂಬಿದ ಮೇಲೂ ಎತ್ತಿಕೊಳ್ಳಲಿಲ್ಲ.

"ನಾಲ್ಕು ಅಡಿಗೆ ನನ್ನ ಮದುವೆ ನಿಂತಿತು ಅಕ್ಕ," ಎಂದಳು.

"ನಿನಗೆ ಹುಡುಗ ಇಷ್ಟವಾ?"

ಅವಳು ಕೊಡದ ಬಾಯಿಯನ್ನು ಸೆರಗಿನಿಂದ ಒರೆಸಿದಳು. "ಮಾತುಕತೆಗೆ ಬಂದ ದಿನ ಒಮ್ಮೆಲೇ ಮಳೆ ಬಂತು. ಎಲ್ಲ ಗಂಡಸರೂ ಜಗಲಿಗೆ ಓಡಿದರು. ಅವರೊಬ್ಬರು ಮಾತ್ರ ಓಡಿದ್ದು ಅಂಗಳಕ್ಕೆ. ನನ್ನ ಅಜ್ಜಿ ಒಣಗ್ಲಿಕ್ಕೆ ಹಾಕಿದ್ದ ಅಕ್ಕಿಯ ಚಾಪೆಯನ್ನು ಎತ್ತಿ ಒಳಗೆ ಇಟ್ಟು, ಯಾರಿಗೂ ಹೇಳ್ಲಿಲ್ಲ. ನಾನು ಮರೆಯಲ್ಲಿದ್ದೆ, ಕಂಡೆ." ಇಷ್ಟು ಹೇಳಿ ಕೊಡ ಎತ್ತಿಕೊಂಡು ಹೋದಳು.

ಇದನ್ನು ನಾನು ಚಿಕ್ಕಪ್ಪನಿಗೆ ಹೇಳಿದೆ. ಅವರ ಮುಖದಿಂದ ಮೊಹರಿನ ಕಳೆ ಇಳಿಯಿತು. ಆ ಸಂಜೆಯೇ ಅಂಗಡಿಗೆ ಹೋಗಿ ಎಲ್ಲರ ಎದುರು ನಿಂತರು.

"ನಾನು ಹೇಳಿದ್ದು ತಪ್ಪು. ಹುಳದ ನಿಯಮ ಮನುಷ್ಯರಿಗೆ ಇಲ್ಲ."

ಕುಶಾಲಪ್ಪ ಮೆಚ್ಚುಗೆಯಿಂದ ತಲೆಯಾಡಿಸಿದ. "ನೋಡಿ, ಕಲಿತವರು ಹೀಗೇ. ದೊಡ್ಡ ವಿಷಯ ಕಂಡುಹಿಡಿದ ಮೇಲೆ ತನ್ನದಲ್ಲ ಅಂತ ಹೇಳುದು. ಆ ಮೊಹರು ಸುಮ್ಮನೆ ಹೊಡೀತಾರಾ?"

"ಅದರಲ್ಲಿ ಪತ್ರ ತಲುಪಿದೆ ಅಂತ ಮಾತ್ರ ಉಂಟು ಮಾರಾಯ."

"ತಲುಪಬೇಕಾದರೆ ವಿಷಯದಲ್ಲಿ ತೂಕ ಇರಬೇಕಲ್ಲ."

ಅಷ್ಟರಲ್ಲಿ ವಿಸ್ತರಣಾಧಿಕಾರಿ ಕೃಷ್ಣಮೋಹನರು ಸೈಕಲಿನಲ್ಲಿ ಬಂದರು. ಬ್ಲಾಕಿನ ಆಫೀಸಿನಲ್ಲಿ ಅವರ ಪ್ರಗತಿ ವರದಿಯ ಹಾಳೆ ಆರು ತಿಂಗಳಿಂದ ಖಾಲಿಯಿತ್ತು. ಐವರ್ನಾಡಿನಲ್ಲಿ ಜನರೇ ಮುಂದೆ ಬಂದು ವಸತಿ ಸುಧಾರಣೆ ಮಾಡುತ್ತಿದ್ದಾರೆ, ಅದರಲ್ಲಿ ಕುಟುಂಬ ಯೋಜನೆಯೂ ಸೇರಿದೆ ಎಂದು ಯಾರೋ ಅವರಿಗೆ ಹೇಳಿದ್ದರು. ಅವರು ಸೈಕಲಿನಿಂದ ಇಳಿಯುವ ಮೊದಲೇ ಪೆನ್ಸಿಲು ತೆಗೆದಿದ್ದರು.

"ಈವರೆಗೆ ಯೋಜನೆ ಅಳವಡಿಸಿಕೊಂಡ ಕುಟುಂಬ ಎಷ್ಟು?"

"ಯೋಜನೆ ಇಲ್ಲ ಸ್ವಾಮಿ," ಎಂದರು ಚಿಕ್ಕಪ್ಪ. "ಒಂದು ತಟ್ಟಿ, ಒಂದು ಪಾಯ, ಅಷ್ಟೇ."

"ಎರಡು," ಎಂದು ಬರೆದುಕೊಂಡರು. "ಫಲಿತಾಂಶ?"

"ಒಂದು ಮದುವೆ ನಿಂತಿದೆ."

ಕೃಷ್ಣಮೋಹನರು ಒಂದು ಕ್ಷಣ ಪೆನ್ಸಿಲು ಕಚ್ಚಿದರು. "ವಿವಾಹ ಮುಂದೂಡಿಕೆ," ಎಂದು ಓದಿಕೊಳ್ಳುತ್ತ ಬರೆದರು. "ಒಳ್ಳೆಯದು. ಜನಸಂಖ್ಯೆಗೆ ಅದು ತುಂಬ ಒಳ್ಳೆಯದು." ಚಿಕ್ಕಪ್ಪನ ಕೈ ಕುಲುಕಿ ಹೋದರು. ಈಗ ಚಿಕ್ಕಪ್ಪನ ಮಾತಿಗೆ ಎರಡು ಸರಕಾರಿ ಆಧಾರಗಳಾದವು.

ಅವರಿಗೆ ಅನ್ನ ಸೇರದಾಯಿತು. ಗೇರುಗುಡ್ಡೆಗೆ ಹೋದವರು ಗೇರುಬೀಜದ ಬುಟ್ಟಿಯನ್ನು ಅಲ್ಲೇ ಬಿಟ್ಟು ಬಂದರು. ಆದರೆ ಅದು ಮೊದಲೂ ಆಗುತ್ತಿತ್ತು. ಕೊನೆಗೆ ದಮಯಂತಿ ಚಿಕ್ಕಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತ ಹೇಳಿದರು:

"ನಿಮ್ಮ ಮಾತು ಕೇಳಿ ಕೆಟ್ಟದ್ದು ನಿಮ್ಮ ಮಾತಿನಿಂದ ಸರಿ ಆಗುದಿಲ್ಲ. ಇಬ್ಬರನ್ನೂ ಕರೆಸಿ. ಅವರ ಎದುರೇ ಓಟೆ ಸೀಳಿ. ಹುಳವೇ ಹೇಳ್ಲಿ."

"ಹುಳ ನಾನು ಹೇಳಿದ್ದನ್ನೇ ಹೇಳಿದರೆ?"

"ಒಂದಾದರೂ ತಪ್ಪಿ ಹೇಳ್ತದೆ. ನೀವು ಸಾಕಿದ್ದಲ್ವಾ."

ಈ ಮಾತು ಚಿಕ್ಕಪ್ಪನಿಗೆ ಧೈರ್ಯ ಕೊಟ್ಟಿತು. ಒಂದು ಇರುಕು ಓಟೆಯಲ್ಲಿ ಒಂದೇ ಒಂದು ಹೆಣ್ಣು ಸಿಕ್ಕಿದರೆ ಸಾಕು, ನಿಯಮ ಮುರಿಯುತ್ತದೆ, ಮದುವೆ ನಡೆಯುತ್ತದೆ. ಎರಡು ವರ್ಷ ತನ್ನ ಮಾತು ನಿಜವಾಗಲಿ ಎಂದು ಓಟೆ ಕಾದ ಮನುಷ್ಯ, ಈಗ ಅದು ಸುಳ್ಳಾಗಲಿ ಎಂದು ಮನೆದೇವರಿಗೆ ತೆಂಗಿನಕಾಯಿ ಹರಕೆ ಹೊತ್ತರು. ವಿಜ್ಞಾನದ ಚರಿತ್ರೆಯಲ್ಲಿ ಇಂಥ ಹರಕೆ ಮತ್ತೊಂದು ಇದೆಯೋ ನನಗೆ ತಿಳಿಯದು.

ಮುಂದಿನ ಭಾನುವಾರ ಬೆಳಿಗ್ಗೆ ಎಲ್ಲರೂ ನಮ್ಮ ಹಟ್ಟಿಯ ಮುಂದೆ ಸೇರಿದರು. ಝುಬೈದಾ ಮೊದಲ ಬಸ್ಸಿಗೇ ಬಂದಿದ್ದರು. ಕದೀಜಮ್ಮ ಆಸಿಯಾಳನ್ನು ಹಿಂದೆ ನಿಲ್ಲಿಸಿಕೊಂಡು ಇನ್ನೊಂದು ತುದಿಯಲ್ಲಿ ಕೂತರು. ಇಬ್ಬರ ನಡುವೆ ಹನ್ನೆರಡು ಅಡಿಗಿಂತ ಹೆಚ್ಚೇ ಜಾಗವಿತ್ತು. ಚಿಕ್ಕಮ್ಮ ಬಿಳಿ ಪಂಚೆಯೊಂದನ್ನು ನೆಲಕ್ಕೆ ಹಾಸಿದರು. ಕುಕ್ಕಪ್ಪ ಸಣ್ಣ ಉಳಿ ಕೊಟ್ಟ.

ಚಿಕ್ಕಪ್ಪ ತೆಳ್ಳಗಿನ ಓಟೆಯೊಂದನ್ನು ಎತ್ತಿ, ಕಣ್ಣಿಗೊತ್ತಿ, ಸೀಳಿದರು. ಎಲೆಯ ಸುರುಳಿ ಬಿಚ್ಚಿದರೆ ಹುಳ ಪೂರ್ತಿ ಬೆಳೆದು ರೆಕ್ಕೆ ಮಡಿಚಿ ಮಲಗಿತ್ತು. ಬಿಸಿಲು ತಾಗಿದ್ದೇ ಕಾಲು ಆಡಿಸಿತು.

ಝುಬೈದಾ ಬಗ್ಗಿ ನೋಡಿದರು. "ಇದಕ್ಕೆ ಗಡ್ಡ ಉಂಟು."

"ಗಂಡು," ಎಂದರು ಚಿಕ್ಕಪ್ಪ, ಸಣ್ಣ ಧ್ವನಿಯಲ್ಲಿ.

ಎರಡನೆಯದಕ್ಕೂ ಗಡ್ಡ. ಮೂರನೆಯದಕ್ಕೂ. ಇನ್ನೊಂದು ಓಟೆ ಸೀಳಿದರು. ಅದರ ತುಂಬ ಗಡ್ಡದವರೇ ಸಾಲಾಗಿ ಮಲಗಿದ್ದರು. ಮತ್ತೊಂದರಲ್ಲಿ ಹಾಗೆಯೇ. ಚಿಕ್ಕಪ್ಪನ ಹಣೆಯಿಂದ ಬೆವರು ಪಂಚೆಯ ಮೇಲೆ ಬಿತ್ತು. ತಮ್ಮ ಸಿದ್ಧಾಂತ ಇಷ್ಟು ನಿರ್ದಯವಾಗಿ ಸರಿಯಾಗಬಹುದೆಂದು ಅವರು ಎಣಿಸಿರಲಿಲ್ಲ.

"ಸರಿ," ಎಂದರು ಝುಬೈದಾ. "ಎಂಟು ಅಡಿ."

"ದಪ್ಪದ್ದು ಸೀಳಿ ಮೇದಪ್ಪಣ್ಣ," ಎಂದರು ಕದೀಜಮ್ಮ.

ದಪ್ಪ ಓಟೆಯನ್ನು ಚಿಕ್ಕಪ್ಪ ಎಂದಿನಂತೆ ಗಂಟಿನ ಕಡೆಯಿಂದ ಸೀಳಿದರು. ಮೊದಲ ಕೋಣೆಯಲ್ಲಿ ದೊಡ್ಡ ಹುಳ, ಹೊಟ್ಟೆಯಡಿಯಲ್ಲಿ ಹಳದಿ ಕುಂಚ. ಹೆಣ್ಣು. ಎರಡನೆಯದು ಹೆಣ್ಣು. ಮೂರನೆಯದು ಹೆಣ್ಣು. ಚಿಕ್ಕಪ್ಪ ಉಳಿ ಕೆಳಗಿಟ್ಟರು.

"ಹನ್ನೆರಡು ಅಡಿ," ಎಂದರು ಕದೀಜಮ್ಮ.

ಝುಬೈದಾ ಎದ್ದು ನಿಂತರು. ಅಲಿ ಕುಂಞಿಯವರು ಮುಖ ತಿರುಗಿಸಿ ಗೇರುಮರಗಳನ್ನು ನೋಡತೊಡಗಿದರು. ಮದುವೆ ಅಲ್ಲಿಗೆ ಮುಗಿಯಿತು ಎಂದೇ ನಾವೆಲ್ಲ ತಿಳಿದೆವು.

"ಇನ್ನೂ ಕೋಣೆ ಉಂಟಲ್ಲ," ಎಂದು ಹಿಂದಿನಿಂದ ಆಸಿಯಾಳ ದನಿ ಬಂತು. "ಓಟೆ ಅರ್ಧವೂ ಸೀಳಿ ಆಗಲಿಲ್ಲ."

"ಮೂರು ನೋಡಿದರೆ ಸಾಕು ಮಗಳೇ," ಎಂದರು ಚಿಕ್ಕಪ್ಪ. "ನನ್ನ ಪುಸ್ತಕದಲ್ಲಿ ಒಂದು ಓಟೆಗೆ ಮೂರೇ ಗೆರೆ ಇರುದು."

ಎಲ್ಲರೂ ಅವರ ಮುಖ ನೋಡಿದರು. ಎರಡು ವರ್ಷದ ಸಂಶೋಧನೆ ಪುಸ್ತಕದ ಗೆರೆಯ ಹತ್ತಿರ ನಿಂತುಹೋಗಿತ್ತು ಎಂಬುದು ನಮಗೆ ಮೆಲ್ಲಗೆ ಅರ್ಥವಾಯಿತು. ಚಿಕ್ಕಪ್ಪನಿಗೆ ಇನ್ನೂ ಆಗಿರಲಿಲ್ಲ.

ಆಸಿಯಾ ಮುಂದೆ ಬಂದು ಕೂತಳು. ಉಳಿ ತೆಗೆದುಕೊಂಡು, ಮೀನು ಸೀಳುವ ಕೈಯ ಹದದಲ್ಲಿ ಓಟೆಯನ್ನು ಬಾಯಿಯ ತನಕ ಸೀಳಿದಳು. ನಾಲ್ಕನೆಯ ಕೋಣೆಯಲ್ಲಿ ಹೆಣ್ಣು. ಐದನೆಯದನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ನೋಡಿದಳು.

"ಗಡ್ಡ," ಎಂದಳು.

ಆರನೆಯದಕ್ಕೆ ಗಡ್ಡ. ಬಾಗಿಲ ಬಳಿಯ ಏಳನೆಯದಕ್ಕೂ ಗಡ್ಡ. ಕುಕ್ಕಪ್ಪ ತಾನೇ ಇನ್ನೊಂದು ದಪ್ಪ ಓಟೆ ಸೀಳಿದ, ಅಲಿ ಕುಂಞಿಯವರು ಅಂಗಡಿಯ ಚಾಕುವಿನಿಂದ ಮತ್ತೊಂದು. ಎಲ್ಲದರಲ್ಲೂ ಅದೇ: ಒಳಗೆ ಹೆಣ್ಣುಗಳು, ಹೊರಗೆ ಗಂಡುಗಳು.

"ಅಗಲದ ಕೋಣೆಯಲ್ಲಿ ಎರಡೂ ಉಂಟು," ಎಂದ ಕುಶಾಲಪ್ಪ, ತನ್ನ ತಟ್ಟಿಯನ್ನು ನೆನೆದು ದುಃಖದಿಂದ.

ನನಗೆ ಕಾಲೇಜಿನ ಪಾಠ ನೆನಪಾಯಿತು. "ಓಟೆ ಏನೂ ಮಾಡುದಿಲ್ಲ," ಎಂದೆ. "ತಾಯಿಹುಳ ಮೊದಲು ಒಳಗೆ ಹೋಗಿ ಅಳತೆ ನೋಡ್ತದೆ. ಹೆಣ್ಣು ದೊಡ್ಡದು, ಅದಕ್ಕೆ ಜಾಗವೂ ಹೆಚ್ಚು, ಬುತ್ತಿಯೂ ಹೆಚ್ಚು ಬೇಕು. ಗಂಡಿಗೆ ಸಣ್ಣ ಜಾಗ ಸಾಕು. ಎಲ್ಲಿ ಯಾವುದು ಇಡಬೇಕು ಅಂತ ನಿರ್ಧಾರ ಮಾಡುದು ತಾಯಿ. ಮನುಷ್ಯರಲ್ಲಿ ಹಾಗೆ ಇಲ್ಲ, ಕೋಣೆಗೂ ಮಗುವಿಗೂ ಸಂಬಂಧವೇ ಇಲ್ಲ."

ಕೊನೆಯ ವಾಕ್ಯವನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಝುಬೈದಾ ಪುನಃ ಕೂತಿದ್ದರು, ಈ ಸಲ ಸ್ವಲ್ಪ ಹತ್ತಿರ.

"ಗಂಡುಗಳನ್ನು ಬಾಗಿಲ ಹತ್ತಿರ ಇಟ್ಟದ್ದು ಯಾಕೆ?"

"ಅವು ಮೊದಲು ಹೊರಗೆ ಬರ್ತವೆ. ಬಂದು ಹೆಣ್ಣಿಗೆ ಕಾಯ್ತವೆ."

"ಎಲ್ಲಿ ಕಾಯುದು?" ಎಂದರು ಕದೀಜಮ್ಮ.

"ಹೆಣ್ಣಿನ ಮನೆಯ ಬಾಗಿಲಲ್ಲೇ."

ಇಬ್ಬರು ತಾಯಂದಿರೂ ಆ ದಿನ ಮೊದಲ ಬಾರಿಗೆ ಒಬ್ಬರನ್ನೊಬ್ಬರು ನೋಡಿದರು.

"ನಮ್ಮ ಕ್ರಮವೇ," ಎಂದರು ಕದೀಜಮ್ಮ.

"ಹುಳಕ್ಕೂ ಬುದ್ಧಿ ಉಂಟು," ಎಂದರು ಝುಬೈದಾ. ಅವರ ತುಟಿಯ ಒಂದು ತುದಿ ಸ್ವಲ್ಪ ಸಡಿಲವಾಯಿತು. "ಹಾಗಾದರೆ ಕೋಣೆ ಎಷ್ಟು?"

"ತಾಯಿಯಾಗುವವಳು ನೋಡಿ ಹೇಳುದು ಅಂತ ಅಕ್ಕ ಹೇಳಿದರಲ್ಲ," ಎಂದಳು ಆಸಿಯಾ. ಅಂಗೈಯ ಹುಳದಿಂದ ಕಣ್ಣು ತೆಗೆಯಲಿಲ್ಲ. "ಒಳಗೆ ಇರುವವಳು ನಾನು. ನನ್ನನ್ನು ಯಾರೂ ಕೇಳ್ಲಿಲ್ಲ. ಹತ್ತು ಅಡಿ ಸಾಕು. ರಸ್ತೆಯ ಕಡೆಗೆ ಒಂದು ಕಿಟಕಿ ಬೇಕು."

ಆ ಮನೆಯ ಯಾವ ಅರೆಗೂ ಕಿಟಕಿ ಇರಲಿಲ್ಲ. ಎಲ್ಲರೂ ಕುಕ್ಕಪ್ಪನನ್ನು ನೋಡಿದರು. ಅವನು ಬೆರಳು ಮಡಿಚಿ, ಆಕಾಶ ನೋಡಿ, ತುಟಿ ಅಲುಗಿಸಿ, "ಹನ್ನೆರಡಕ್ಕೆ ಹತ್ತು. ಆಯ ಕೂಡ್ತದೆ. ಬಹಳ ಚೆಂದ ಕೂಡ್ತದೆ" ಎಂದ. ಅವನು ಮಡಿಚಿದ್ದು ಎರಡೇ ಬೆರಳು ಎಂದು ನಾನು ನೋಡಿದ್ದೆ. ಅಳತೆಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಿನ ಮನುಷ್ಯ ಲೆಕ್ಕವನ್ನೇ ಮಾಡದೆ ಹೇಳಿದ್ದನ್ನು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ.

"ಕಿಟಕಿ ಎಂತಕ್ಕೆ?" ಎಂದು ಕೇಳಿದರು ಝುಬೈದಾ.

ಆಸಿಯಾ ಅಂಗೈಯ ಹುಳವನ್ನು ಮೆಲ್ಲಗೆ ಪಂಚೆಯ ಮೇಲೆ ಬಿಟ್ಟಳು. "ಅವರು ಬರುದು ಕಾಣ್ಲಿಕ್ಕೆ."

ಝುಬೈದಾ ಸೊಸೆಯಾಗಲಿರುವವಳನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಕುಕ್ಕಪ್ಪನ ಕಡೆಗೆ ತಿರುಗಿದರು.

"ಕಿಟಕಿ ದೊಡ್ಡದೇ ಇಡು. ನನ್ನ ಮಗ ಹೇಳಿದ ಹೊತ್ತಿಗೆ ಬರುವವ ಅಲ್ಲ. ಕಾಯುವವಳು ಕೂತುಕೊಂಡು ಕಾಯ್ಲಿ."

ಹೆಂಗಸರೆಲ್ಲ ಮೂರನೇ ಪಾಯದ ಜಾಗ ನೋಡಲು ಅಲಿ ಕುಂಞಿಯವರ ಮನೆಗೆ ನಡೆದರು, ದಮಯಂತಿ ಚಿಕ್ಕಮ್ಮನೂ ಜೊತೆಗೆ ಹೋದರು. ಅಲ್ಲಿ ಮಾತಿನ ನಡುವೆ ಮೇ ತಿಂಗಳ ದಿನವೂ ಮೊದಲಿನ ಹಾಗೆಯೇ ಗಟ್ಟಿಯಾಯಿತು. ಕುಶಾಲಪ್ಪ ತಟ್ಟಿ ಬಿಚ್ಚಲು ಓಡಿದ.

ಹಟ್ಟಿಯ ಮುಂದೆ ಚಿಕ್ಕಪ್ಪ ಮತ್ತು ನಾನು ಇಬ್ಬರೇ ಉಳಿದೆವು. ಮಧ್ಯಾಹ್ನ ದಾಟಿತ್ತು. ಬೆಳಿಗ್ಗೆಯಿಂದ ಅವರು ಒಂದು ಗುಟುಕು ಕಾಫಿಯನ್ನೂ ಕುಡಿದಿರಲಿಲ್ಲ. ಪುಸ್ತಕ ತೊಡೆಯ ಮೇಲಿಟ್ಟು, ಮೂರು ಗೆರೆಗಳ ಪಕ್ಕದಲ್ಲಿ ಪೆನ್ಸಿಲಿನಿಂದ ನಾಲ್ಕನೆಯದು, ಐದನೆಯದು, ಆರನೆಯದು ಎಂದು ಹೊಸ ಗೆರೆ ಎಳೆಯುತ್ತಿದ್ದರು. ಮೊದಲ ಪುಟದಿಂದ ಹಿಡಿದು ಎಲ್ಲ ಪುಟಗಳಲ್ಲೂ ಎಳೆಯಬೇಕಿತ್ತು. ಪಂಚೆಯ ಮೇಲಿನ ಹುಳಗಳು ಒಂದೊಂದಾಗಿ ರೆಕ್ಕೆ ಬಿಚ್ಚಿ ಗೇರುಗುಡ್ಡೆಯ ಕಡೆಗೆ ಹಾರುತ್ತಿದ್ದವು. ಒಂದು ಹಾರಿದಾಗಲೆಲ್ಲ ಅವರು ತಲೆಯೆತ್ತಿ ನೋಡುವರು, ಎಳೆಯುತ್ತಿದ್ದ ಗೆರೆ ಸೊಟ್ಟಗಾಗುವುದು.

ನಾನು ಒಳಗೆ ಹೋಗಿ ಅನ್ನ ಬಡಿಸುವುದೇ ಎಂದು ಯೋಚಿಸುವಷ್ಟರಲ್ಲಿ ಅಂಗಳದ ಬೇಲಿಬಾಗಿಲಿನ ದಣಪೆ ಸರಿಯಿತು. ಝುಬೈದಾ ಒಬ್ಬರೇ ಹಿಂದಿರುಗಿ ಬಂದಿದ್ದರು. ಬಸ್ಸಿನ ದಾರಿಗೆಂದು ಮನೆಯಿಂದ ಕಟ್ಟಿ ತಂದಿದ್ದ ಬಾಳೆಯೆಲೆಯ ಪೊಟ್ಟಣ ಅವರ ಕೈಯಲ್ಲಿತ್ತು. ಎಲೆಯ ಸಂದಿಯಿಂದ ಅಕ್ಕಿರೊಟ್ಟಿಯ ಬಿಳಿ ಅಂಚು ಕಾಣುತ್ತಿತ್ತು. ಅವರು ಪಂಚೆಯ ಮೇಲಿನ ಹುಳಗಳನ್ನು ತುಳಿಯದ ಹಾಗೆ ಸುತ್ತು ಬಳಸಿ ಬಂದು, ಪೊಟ್ಟಣವನ್ನು ಚಿಕ್ಕಪ್ಪನ ಮುಂದೆ ಚಾಚಿದರು. ಚಿಕ್ಕಪ್ಪ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ತೆಗೆದುಕೊಂಡರು.